ಬಿಸಿಲೂರಾಗ ಗೋಡಿ ಯಾಕ ಬೆವರ್ತಾವು?

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರದಾಗ ಭಾಳಷ್ಟು ಒಂದ ವಿಷಯದ್ದು, ಒಳಗ ಕಟ್ಟಿಸಿದ ಸ್ವಿಮ್ಮಿಂಗ್ ಪೂಲಿನ ಕೋಣೆ ಹಸಿ ಹಿಡೀತೈತಿ, ಏನ್ ಮಾಡೋಣ ಅಂತ. ನಮ್ಮ ಕಡೆ ಬಿಸಲಿಗೆ ಹೆದರಿ ಪೂಲನ್ನ ಮನಿಯೊಳಗ, ಹೋಟೆಲಿನೊಳಗ ಮಾಡಿಸೋರು ಅದಾರ, ಆದ್ರ ಕೋಣೆ ಮಾತ್ರ ಬೆಡ್‌ರೂಮ್ ಕಟ್ಟಿದಂಗ ಕಟ್ಟಿ ಬಿಡ್ತಾರ, ತಂಟೆ ಶುರು ಆಗೋದು ಅಲ್ಲೇ. ಹೆಸರು ಹಾಕಬ್ಯಾಡ್ರಿ ಅಂದೋರ ಊರಷ್ಟ ಹಾಕೀವಿ.

ಪ್ರಶ್ನೆ: ಸಾರ್ ನಮ್ದು ಬಳ್ಳಾರಿ. ಹೊಸ ಮನೆ ಕಟ್ಸಿದಾಗ ಕೆಳಗಿನ ಫ್ಲೋರಲ್ಲಿ 26 ಅಡಿ ಉದ್ದ 13 ಅಡಿ ಅಗಲ ಪೂಲ್ ಮಾಡ್ಸಿದ್ವಿ, ನಮ್ಮಮ್ಮಂಗೆ ಮೊಣಕಾಲು ನೋವು, ನೀರಲ್ಲಿ ನಡೀರಿ ಅಂತ ಡಾಕ್ಟ್ರು ಹೇಳಿದ್ರು, ಅದ್ಕೆ ನೀರು 31 ಡಿಗ್ರಿ ಬೆಚ್ಚಗೆ ಇಡ್ತೀವಿ, ರೂಮಿಗೆ ಎಸಿ 24ಕ್ಕೆ ಇಡ್ತೀವಿ. ಒಂದು ಮಳೆಗಾಲ ಕಳೆಯೋದ್ರೊಳಗೆ ಪಿಒಪಿ ಸೀಲಿಂಗ್ ಹಳದಿ ಆಗಿ ಒಂದು ಮೂಲೇಲಿ ಜೋತು ಬಿದ್ದೈತೆ, ಬಾಗ್ಲು ಉಬ್ಬಿ ಹಾಕಕ್ಕೆ ಬರಲ್ಲ, ಹೊರಗಿನ ಗೋಡೆ ಪೇಂಟ್ ಬೊಬ್ಬೆ ಎದ್ದೈತೆ. ಪೇಂಟರ್ ಹೇಳ್ತಾನೆ ಹೊರಗಡೆಯಿಂದ ವಾಟರ್‌ಪ್ರೂಫ್ ಪೇಂಟ್ ಹೊಡೆದ್ರೆ ಸರಿಹೋಗ್ತದೆ ಅಂತ. ಬಳ್ಳಾರಿಯಂಥ ಒಣ ಊರಲ್ಲಿ ಇಷ್ಟು ತೇವ ಎಲ್ಲಿಂದ ಬಂತು ಸಾರ್?

ಉತ್ತರ: ನಿಮ್ಮ ಪೂಲಿನಿಂದಾನ ಬಂತ್ರಿ, ಮತ್ತೆಲ್ಲಿಂದ. ಮೊದ್ಲು ಆ ಪೇಂಟರಿಗೆ ಸ್ವಲ್ಪ ತಡಿಯಪ್ಪ ಅನ್ರಿ, ಯಾಕಂದ್ರ ಹೊರಗಿನಿಂದ ಬಿಗಿಯಾಗಿ ಪೇಂಟ್ ಹೊಡೆದ್ರ ಇರೋ ರೋಗ ಇನ್ನೂ ಹೆಚ್ಚಾಗ್ತೈತಿ, ಕಾರಣ ಆಮ್ಯಾಲ ಹೇಳ್ತೀನಿ.

ಲೆಕ್ಕ ನೋಡ್ರಿ. 26 ಅಡಿ 13 ಅಡಿ ಅಂದ್ರ ಹತ್ತತ್ರ 31 ಚದರ ಮೀಟರ್ ನೀರು. ನೀರು 31 ಡಿಗ್ರಿ, ಗಾಳಿ 30 ಡಿಗ್ರಿ, ಗಾಳಿಯಾಗಿನ ತೇವ 60 ಪರ್ಸೆಂಟ್ ಇದ್ರ ಮನಿ ಪೂಲಿಗೆ ಇಂಜಿನಿಯರ್ರು ಹಾಕೋ ಸೂತ್ರದ ಪ್ರಕಾರ ದಿನಕ್ಕ ಸುಮಾರು 100 ಲೀಟರ್ ನೀರು ಆವಿ ಆಗಿ ಗಾಳಿಗೆ ಸೇರ್ತೈತಿ. ದಿನಾ ಐದು ದೊಡ್ಡ ನೀರಿನ ಕ್ಯಾನ್! ಈಗ ನೀವು ಎಸಿ 24ಕ್ಕ ಇಟ್ಟೀರಿ, ಗಾಳಿ ತಣ್ಣಗಾತು, ಎಸಿ ಸ್ವಲ್ಪ ತೇವ ಎಳೀತು, ನೀರು ಮಾತ್ರ ಅದ ಬಿಸಿ, ಆಗ ಆವಿ 150 ಲೀಟರ್ ದಾಟ್ತೈತಿ. ನೀರಿನ ಮೈಯಾಗಿನ ಆವಿ ಒತ್ತಡಕ್ಕೂ ಗಾಳಿಯಾಗಿನ ಆವಿ ಒತ್ತಡಕ್ಕೂ ಎಷ್ಟು ಫರಕ್ ಐತೋ ಅಷ್ಟು ನೀರು ಏಳ್ತೈತಿ, ನೀವು ಎಸಿ ಹಚ್ಚಿ ಆ ಫರಕ್ ದೊಡ್ಡದು ಮಾಡಾಕತ್ತೀರಿ. ಅಂದ್ರ ಒಂದು ಕಡೆ ಕರೆಂಟ್ ಸುಟ್ಟು ನೀರು ಕಾಯಿಸೋದು, ಇನ್ನೊಂದು ಕಡೆ ಕರೆಂಟ್ ಸುಟ್ಟು ಅದನ್ನ ಆವಿ ಮಾಡೋದು, ಮೂರನೇ ಕಡೆ ಪೇಂಟರಿಗೆ ರೊಕ್ಕ ಕೊಡೋದು.

ಪೂಲ್ ಕೋಣೆ ನಿಯಮ ಉಲ್ಟಾ ಐತ್ರಿ. ಗಾಳಿ ನೀರಿಗಿಂತ ಒಂದೆರಡು ಡಿಗ್ರಿ ಬೆಚ್ಚಗಿರ್ಬೇಕು, ಹಂಗಂತ 30 ಡಿಗ್ರಿ ದಾಟಿಸಬಾರ್ದು, ಕುಂತೋರಿಗೆ ಉಸಿರು ಕಟ್ಟಿದಂಗ ಆಗ್ತೈತಿ. ತೇವ 50ರಿಂದ 60 ಪರ್ಸೆಂಟ್ ಒಳಗ. ಅಮ್ಮಾರಿಗೆ ಆಗಿ ಬರ್ತೈತಿ ಅಂದ್ರ, ಬೇಕಾದ್ರ ಡಾಕ್ಟರ್ರನ್ನ ಒಂದು ಮಾತು ಕೇಳಿ, ನೀರು 29ಕ್ಕ ಇಳಿಸ್ರಿ, ಅದರಿಂದಾನ 100 ಲೀಟರ್ ಇದ್ದದ್ದು 80ಕ್ಕ ಬರ್ತೈತಿ. ಅದಕ್ಕಿಂತ ದೊಡ್ಡ ಉಳಿತಾಯ ಅಂದ್ರ ಕವರ್. ಅಮ್ಮಾರು ನೀರಿಗಿಳಿಯೋದು ದಿನಕ್ಕ ಒಂದು ತಾಸೋ ಎರಡು ತಾಸೋ, ಉಳಿದ ಹೊತ್ತೆಲ್ಲಾ ಪೂಲ್ ಬಾಯಿ ತೆರಕೊಂಡು ಯಾಕಿರ್ಬೇಕು? ನೀರಿನ ಮ್ಯಾಲ ತೇಲೋ ಕವರ್ ಹಾಸಿದ್ರ ಅಷ್ಟೂ ಹೊತ್ತು ಆವಿ ಹೆಚ್ಚು ಕಡಿಮಿ ನಿಂತಂಗ. ಎಲ್ಲಕ್ಕಿಂತ ಕಡಿಮಿ ರೊಕ್ಕದ ಮದ್ದು ಇದ, ಆದ್ರ ಸುತ್ತಿ ಇಡೋದು ಬೇಜಾರು ಅಂತ ಯಾರೂ ಮಾಡಂಗಿಲ್ಲ. ರೋಲರ್ ಇರೋದು ತಗೋರಿ, ಒಬ್ಬರ ಕೈಲಿ ಆಗ್ತೈತಿ.

ಈಗ ಗೋಡಿ ಯಾಕ ಬೊಬ್ಬೆ ಎದ್ದಾವು ಅನ್ನೋದು. 30 ಡಿಗ್ರಿ, 60 ಪರ್ಸೆಂಟ್ ತೇವದ ಗಾಳಿ 21 ಡಿಗ್ರಿಗಿಂತ ಸ್ವಲ್ಪ ಮ್ಯಾಲಿರೋ ಯಾವುದ ಮೈ ಮುಟ್ಟಿದ್ರೂ ಹನಿ ಕಟ್ಟೋ ಹಂತಕ್ಕ ಬಂದಿರ್ತೈತಿ, 21ರ ಕೆಳಗಿದ್ರ ಹನಿ ಕಟ್ಟೇ ಕಟ್ತೈತಿ. ಬ್ಯಾಸಗ್ಯಾಗ ಬಳ್ಳಾರಿ ಗೋಡಿ ಅಷ್ಟು ತಣ್ಣಗಿರಂಗಿಲ್ಲ ಖರೆ, ಆದ್ರ ಡಿಸೆಂಬರ್ ಜನವರಿ ಬೆಳಗಿನ ಜಾವದಾಗ ಕಿಡಕಿ ಗಾಜು ಇಳೀತೈತಿ, ಅಲ್ಯೂಮಿನಿಯಂ ಫ್ರೇಮ್ ಇಳೀತೈತಿ, ಮತ್ತ ವರ್ಷಪೂರ್ತಿ ನಿಮ್ಮ ಎಸಿ ಬಾಯಿ ಮುಂದಿನ ಸೀಲಿಂಗ್ ಅದ ತಂಪಿನಾಗ ಇರ್ತೈತಿ. ನೀವು ಹೇಳಿದ ಜೋತು ಬಿದ್ದ ಮೂಲಿ ಎಸಿ ಪಕ್ಕದ್ದೇ ಇರಬೇಕು ನೋಡ್ರಿ. ಮ್ಯಾಲಿನ ಫ್ಲೋರಿನ ಬೆಡ್‌ರೂಮಿನಾಗೂ ಎಸಿ ಇದ್ರ ಸ್ಲ್ಯಾಬು ಮ್ಯಾಲಿನಿಂದ ತಣ್ಣಗಾಗಿ ಸೀಲಿಂಗ್ ಹಿಂದ ಕಣ್ಣಿಗೆ ಕಾಣದಂಗ ನೀರು ಕಟ್ತೈತಿ, ಪಿಒಪಿ ಅದನ್ನ ಕುಡೀತೈತಿ. ಒಂದು ಕಡೆ ತಗಸಿ ಟಾರ್ಚ್ ಹಾಕಿ ನೋಡ್ರಿ, ಸೀಲಿಂಗ್ ಹಿಡಿದ ಜಿಐ ಚಾನಲ್ಲಿನ (ಸತು ಲೇಪಿಸಿದ ಕಬ್ಬಿಣದ ಪಟ್ಟಿ) ಸ್ಕ್ರೂ ಸುತ್ತ ಜಂಗಿನ ಉಂಗುರ ಇರ್ತೈತಿ, ತಂತಿ ಹಿಡಿದು ಇಳಿದ ನೀರಿನ ಕಂದು ಗೆರಿ ಸೈತ ಕಾಣ್ತೈತಿ.

ಗೋಡಿ ಕಥಿ ಬ್ಯಾರೆ. ಆವಿ ಅನ್ನೋದು ಗಿಲಾವ್, ಇಟ್ಟಿಗಿ ಎರಡನ್ನೂ ತೂರಿಕೊಂಡು ಹೊರಗ ಹೋಗಾಕ ನೋಡ್ತೈತಿ, ಅದ್ರಾಗೂ ನಮ್ಮ ಊರಿನ ಹೊರಗಿನ ಗಾಳಿ ಒಣ ಇದ್ದಷ್ಟೂ ಒಳಗಿನ ಆವಿಗೆ ಹೊರಗ ಹೋಗೋ ಅವಸರ ಹೆಚ್ಚು. ಒಣ ಊರು ಅಂತ ನೀವು ನೆಮ್ಮದಿಯಿಂದ ಇದ್ರಲ್ಲ, ಆ ಒಣ ಗಾಳೀನ ಗೋಡಿಯೊಳಗಿಂದ ತೇವ ಜಗ್ಗತೈತಿ. ಹೊರಗಿನ ಪೇಂಟ್ ಹಿಂದ ಅದು ಸಿಕ್ಕಿಹಾಕ್ಕೊಂಡು, ಇಟ್ಟಿಗಿ ಮರಳಿನಾಗಿನ ಉಪ್ಪನ್ನ ಹೊತ್ತು ತಂದು, ಪೇಂಟ್ ಎಬ್ಬಿಸ್ತೈತಿ. ಬೊಬ್ಬೆ ಒಡೆದು ನೋಡ್ರಿ, ಒಳಗ ಬಿಳೇ ಪುಡಿ ಉದುರ್ತೈತಿ, ಸವಳು ಹೊಲದ ಮ್ಯಾಲೆ ಬಿಟ್ಟಂಥದ್ದ. ಇದರ ಮ್ಯಾಲ ಇನ್ನೊಂದು ವಾಟರ್‌ಪ್ರೂಫ್ ಕೋಟ್ ಹೊಡೆದ್ರ ಹೊರಗ ಹೋಗೋ ದಾರಿ ಪೂರಾ ಬಂದ್, ಗಿಲಾವ್ ಸಮೇತ ಕಳಚಿ ಬೀಳ್ತೈತಿ. ತಡೆ ಹಾಕೋದು ಒಳಗಿನಿಂದ, ಪೂಲ್ ಇರೋ ಕಡೆಯಿಂದ. ಹಳೇ ಪೇಂಟ್ ಕೆರೆದು, ಗೋಡಿ ಪೂರ್ತಿ ಒಣಗಿಸಿ, ಒಳ ಮೈಗೆ ಆವಿ ತಡೆಯೋ ಎಪಾಕ್ಸಿ ಕೋಟ್ ಹೊಡಿಸಿ, ಅದರ ಮ್ಯಾಲ ಎಪಾಕ್ಸಿ ಗ್ರೌಟ್ ಹಾಕಿ ಟೈಲ್ಸ್. ಹೊಸದಾಗಿ ಕಟ್ಟೋರಾದ್ರ ಗಿಲಾವಿನ ಒಳಗಡೆ ಪಾಲಿಥಿನ್ ಇಲ್ಲಾ ಫಾಯಿಲ್ ಹಾಳೆ, ಜಾಯಿಂಟ್ ಎಲ್ಲಾ ಟೇಪ್ ಹಚ್ಚಿ, ಪೈಪ್ ಹೋಗೋ ತೂತು ಸೈತ ಬಿಡದಂಗ ಮುಚ್ಚಿ. ಪೈಪಿನ ತೂತು, ಸ್ವಿಚ್ ಬಾಕ್ಸ್ ಇವನ್ನ ಗೌಂಡಿ ಮುಚ್ಚಂಗಿಲ್ಲ, ಇಲೆಕ್ಟ್ರಿಷಿಯನ್ನೂ ಮುಚ್ಚಂಗಿಲ್ಲ, ನೀವ ನಿಂತು ಮುಚ್ಚಿಸಬೇಕು.

ಸೀಲಿಂಗ್ ಬಗ್ಗೆ ನನ್ನ ಕೇಳಿದ್ರ ಪೂಲ್ ಕೋಣೆಗೆ ಫಾಲ್ಸ್ ಸೀಲಿಂಗ್ ಬ್ಯಾಡೇ ಬ್ಯಾಡ, ಸ್ಲ್ಯಾಬಿಗೇ ಕೋಟಿಂಗ್ ಹೊಡಿಸಿ ಬಿಟ್ಬಿಡ್ರಿ, ಕಣ್ಣಿಗೆ ಕಾಣ್ತಿರ್ತೈತಿ. ಬೇಕೇ ಬೇಕಂದ್ರ ಪಿವಿಸಿ ಇಲ್ಲಾ ಪೌಡರ್ ಕೋಟ್ ಮಾಡಿದ ಅಲ್ಯೂಮಿನಿಯಂ. ಬಾಗಲಿಗೆ ಯುಪಿವಿಸಿ, ಪ್ಲೈವುಡ್ ಬಾಗಲು ಇನ್ನ ರಿಪೇರಿ ಮಾಡಿಸಬ್ಯಾಡ್ರಿ. ಆದ್ರ ಇವೆಲ್ಲಾ ರಿಪೇರಿ ಮಾಡಿಸೋಕಿಂತ ಮೊದ್ಲು ತೇವ ಇಳಿಸ್ರಿ, ಗಾಳಿಯಾಗಿನ ತೇವ ಅಳೆಯೋ ಒಂದು ಸಣ್ಣ ಡಿಜಿಟಲ್ ಹೈಗ್ರೋಮೀಟರ್ ತಂದು ಗೋಡಿಗೆ ಹಾಕಿ ಒಂದು ವಾರ ಬೆಳಿಗ್ಗೆ ಸಂಜಿ ಬರೆದಿಡ್ರಿ. 60 ದಾಟದಂಗ ನಿಂತ ಮ್ಯಾಲ ಗೌಂಡಿಯನ್ನ ಕರೀರಿ.

ಪ್ರಶ್ನೆ: ರಾಯಚೂರಿನಾಗ ನಮ್ಮದು ಸಣ್ಣ ಹೋಟೆಲ್ ಐತ್ರಿ, ಒಳಗ ಪೂಲ್ ಐತಿ. ದೊಡ್ಡ ಎಕ್ಸಾಸ್ಟ್ ಫ್ಯಾನ್ ಎರಡು ಹಾಕೀವಿ, ಗಿರಾಕಿಗಳು ಸೆಕಿ ಅಂತಾರ ಅಂತ ಡೆಸರ್ಟ್ ಕೂಲರ್ ಒಂದು ಇಟ್ಟೀವಿ. ಏಪ್ರಿಲ್ ಮೇದಾಗ ಪರವಾಗಿಲ್ಲ, ಆಗಸ್ಟ್ ಬಂತಂದ್ರ ಗಾಜಿನ ಮ್ಯಾಲ ನೀರು ಇಳೀತೈತಿ. ಮತ್ತ ಕ್ಲೋರಿನ್ ವಾಸನಿ ರಿಸೆಪ್ಷನ್ ತನಕ ಬರ್ತೈತಿ. ಕ್ಲೋರಿನ್ ಕಡಿಮಿ ಹಾಕಿದ್ರ ಹೋಗ್ತೈತೇನ್ರಿ?

ಉತ್ತರ: ಮೊದ್ಲು ಆ ಕೂಲರ್ ಹೊರಗ ಹಾಕ್ರಿ ಸಾಹೇಬ್ರ. ರಾಯಚೂರು ಬಿಸಲಿಗೆ ಕೂಲರ್ ಇಲ್ಲದ ಮನಿ ಇಲ್ಲ, ಒಪ್ತೀನಿ, ಆದ್ರ ಕೂಲರ್ ತಂಪು ಮಾಡೋದು ನೀರನ್ನ ಆವಿ ಮಾಡಿ ಗಾಳಿಗೆ ಹಾಕೇ ಅಲ್ಲೇನ್ರಿ? ಪೂಲ್ ಕೋಣೆಗೆ ಅದನ್ನ ಇಡೋದು ತುಂಬಿದ ಕೊಡಕ್ಕ ಮತ್ತ ನೀರು ಸುರಿದಂಗ.

ಬ್ಯಾಸಗ್ಯಾಗ ಪಾರಾಗಿದ್ದು ಫ್ಯಾನಿನ ಪುಣ್ಯ. 41 ಡಿಗ್ರಿ ಬಿಸಲಿನಾಗ ಹೊರಗಿನ ಗಾಳಿ ತೇವ 20 ಪರ್ಸೆಂಟ್ ಇತ್ತು ಅಂತ ಇಟ್ಕೋರಿ, ಅದರ ಡ್ಯೂ ಪಾಯಿಂಟ್ (ಹನಿ ಕಟ್ಟಾಕ ಗಾಳಿ ಎಷ್ಟು ಡಿಗ್ರಿಗೆ ಇಳೀಬೇಕೋ ಅದು) 14ರ ಹತ್ರ, ಅಂದ್ರ ಸೆಕಿ ಇದ್ರೂ ಒಣ ಗಾಳಿ, ಒಳಗ ಬಂದ್ರ ತೇವ ಹೊತ್ತುಕೊಂಡು ಹೋಗ್ತೈತಿ. ಆಗಸ್ಟಿನಾಗ ಅದ ಗಾಳಿ 28 ಡಿಗ್ರಿ, 80 ಪರ್ಸೆಂಟ್ ಆದ್ರ ಡ್ಯೂ ಪಾಯಿಂಟ್ 24 ದಾಟ್ತೈತಿ, ನಿಮ್ಮ ಕೋಣೆಯಾಗ ಇರಬೇಕಾದ್ದಕ್ಕಿಂತ ಹೆಚ್ಚು ನೀರು ಆ ಗಾಳಿಯಾಗ ಐತಿ. ಆಗ ಫ್ಯಾನ್ ಎಷ್ಟು ಜೋರು ತಿರುಗಿದ್ರೂ ಹೊರಗಿನ ತೇವ ಒಳಗ ತರ್ತೈತಿ ಅಷ್ಟ. ನಮ್ಮ ಕಡೆ ಪೂಲ್ ಕೋಣೆಗೆ ಎಂಟು ತಿಂಗಳು ಫ್ಯಾನ್ ನಡೀತೈತಿ, ಮಳಿಗಾಲಕ್ಕ ಗಾಳಿಯಾಗಿನ ತೇವ ಎಳೆಯೋ ಮಶಿನ್, ಅಂದ್ರ ಡಿಹ್ಯುಮಿಡಿಫೈಯರ್, ಬೇಕ ಬೇಕು. ಈ ಎರಡನ್ನೂ ಒಂದ ಸ್ವಿಚ್ಚಿಗೆ ಜೋಡಿಸಿ ಬಿಟ್ಟು ವರ್ಷಪೂರ್ತಿ ಓಡಿಸೋದು ದಂಡ, ಹೊರಗೊಂದು ಒಳಗೊಂದು ಹೈಗ್ರೋಮೀಟರ್ ಇಟ್ಟು ಯಾವುದು ಯಾವಾಗ ಅಂತ ಮ್ಯಾನೇಜರಿಗೆ ಕಲಿಸ್ರಿ.

ವಾಸನಿ ವಿಷಯ. ಕ್ಲೋರಿನ್ ಕಡಿಮಿ ಮಾಡಬ್ಯಾಡ್ರಿ, ಅದು ಕ್ಲೋರಿನ್ ಹೆಚ್ಚಾದ ವಾಸನಿ ಅಲ್ಲ. ಬೆವರು, ಉಚ್ಚಿ, ಮೈಗೆ ಹಚ್ಚಿದ ಎಣ್ಣಿ ಕ್ರೀಮ್ ಇವುಗಳ ಜೋಡಿ ಕ್ಲೋರಿನ್ ಸೇರಿ ಕ್ಲೋರಮೈನ್ ಆಗ್ತೈತಿ, ಕಣ್ಣು ಉರಿಯೋದು, ಮೂಗಿಗೆ ಹೊಡೆಯೋದು ಅದು. ಫ್ರೀ ಕ್ಲೋರಿನ್ (ಇನ್ನೂ ಕೆಲಸಕ್ಕ ಉಳಿದದ್ದು) 1ರಿಂದ 3 ಪಿಪಿಎಂ (ಹತ್ತು ಲಕ್ಷಕ್ಕ ಇಷ್ಟು ಪಾಲು), ಪಿಎಚ್ 7.2ರಿಂದ 7.8, ಮತ್ತ ಕಂಬೈನ್ಡ್ ಕ್ಲೋರಿನ್ (ಕ್ಲೋರಮೈನ್ ಆಗಿ ಹೋದದ್ದು) 0.4 ಪಿಪಿಎಂ ದಾಟದಂಗ ನೋಡ್ರಿ. ಟೆಸ್ಟ್ ಕಿಟ್ ತಗೊಳ್ಳುವಾಗ ಕಂಬೈನ್ಡ್ ತೋರಿಸೋದು ಐತೇನು ಅಂತ ಕೇಳಿ ತಗೋರಿ, ಅಂಗಡಿಯಾಗ ಸಿಗೋ ಅಗ್ಗದ ಕಿಟ್ಟು ಎಷ್ಟೋ ಬರೀ ಒಟ್ಟು ಕ್ಲೋರಿನ್ ತೋರಿಸ್ತಾವು. ನೀರಿಗೆ ಇಳಿಯೋಕ ಮೊದ್ಲು ಸೋಪ್ ಹಚ್ಚಿ ಸ್ನಾನ ಅಂತ ಬೋರ್ಡ್ ಹಾಕಿದ್ರ ಸಾಲದು, ಶವರ್ ದಾಟೇ ಪೂಲಿಗೆ ಹೋಗೋ ಹಂಗ ದಾರಿ ಮಾಡ್ರಿ.

ರಿಸೆಪ್ಷನ್ ತನಕ ವಾಸನಿ ಬರಾಕ ಕಾರಣ ಗಾಳಿ ಒತ್ತಡ. ಪೂಲ್ ಕೋಣೆಯೊಳಗ ಹಾಕೋ ಗಾಳಿಗಿಂತ ಹೊರಗ ತಗಿಯೋ ಗಾಳಿ ಸ್ವಲ್ಪ ಹೆಚ್ಚಿರ್ಬೇಕು, ಆಗ ಬಾಗಲು ತೆಗೆದ್ರ ಹೋಟೆಲ್ ಗಾಳಿ ಒಳಗ ಬರ್ತೈತಿ, ಪೂಲ್ ಗಾಳಿ ಹೊರಗ ಬರಂಗಿಲ್ಲ. ಬಾಗಲನ್ನ ಸ್ವಲ್ಪ ತೆಗೆದು ಸಂದಿಯಾಗ ಅಗರಬತ್ತಿ ಹಿಡಿದು ನೋಡ್ರಿ, ಹೊಗಿ ಪೂಲ್ ಕಡೆ ಹೋದ್ರ ಸರಿ. ನಿಮ್ಮ ಕೂಲರ್ ಇದನ್ನೂ ಕೆಡಿಸಿರ್ತೈತಿ, ಕಿಡಕಿಗೆ ಹಚ್ಚಿದ ಕೂಲರ್ ಹೊರಗಿನ ಗಾಳಿ ದೂಕ್ತಿರ್ತೈತಿ, ಅದು ಲಾಬಿ ಕಡೆಗೇ ಬರ್ತೈತಿ. ಹೊಸ ಗಾಳಿ ಎಷ್ಟು ಅಂದ್ರ, ನೀರು ಮತ್ತ ಸುತ್ತಲಿನ ಒದ್ದಿ ನೆಲ ಸೇರಿ ಒಂದು ಚದರ ಅಡಿಗೆ ಹತ್ತತ್ರ ಅರ್ಧ ಸಿಎಫ್‌ಎಂ (ಸಿಎಫ್‌ಎಂ ಅಂದ್ರ ನಿಮಿಷಕ್ಕ ಒಂದು ಘನ ಅಡಿ ಗಾಳಿ), ಸಾವಿರ ಚದರ ಅಡಿ ಇದ್ರ 480 ಸಿಎಫ್‌ಎಂ. ಒಳಗ ತಿರುಗೋ ಗಾಳಿ ತಾಸಿಗೆ ನಾಲ್ಕರಿಂದ ಆರು ಸಲ ಇಡೀ ಕೋಣೆ ಬದಲಾಗೋ ಹಂಗ, ಮತ್ತ ಒಣ ಗಾಳಿ ಬಾಯಿ ಗಾಜಿನ ಕೆಳಗಿಂದ ಮ್ಯಾಲಕ್ಕ ಬೀಸೋ ಹಂಗ ಇರಲಿ. ನೀರಿನ ಮ್ಯಾಲ ನೇರ ಬೀಸಬ್ಯಾಡ್ರಿ, ಗಾಳಿ ಬೀಸಿದಷ್ಟೂ ಆವಿ ಹೆಚ್ಚು, ಈಜಿ ಮ್ಯಾಲೆದ್ದೋರಿಗೂ ನಡುಕ.

ಪ್ರಶ್ನೆ: ಅಣ್ಣಾರ, ನಾವು ಗಂಗಾವತಿಯೋರು. ಆನ್‌ಲೈನಿನಾಗ ದಿನಕ್ಕ 50 ಲೀಟರ್ ಅಂತ ಬರೆದ ಡಿಹ್ಯುಮಿಡಿಫೈಯರ್ ನೋಡೀನಿ. ನಮ್ಮ ಪೂಲಿನ ಲೆಕ್ಕ ಮನಿಯವ್ರು ಹಾಕಿದ್ರು, 50 ಲೀಟರ್ ಅಷ್ಟ ಆವಿ. ತಗೊಳ್ಲೋ ಬ್ಯಾಡೋ?

ಉತ್ತರ: ಅಷ್ಟಕ್ಕಷ್ಟ ತಗೋಬ್ಯಾಡವಾ. ಡಬ್ಬಿ ಮ್ಯಾಲ ಬರೆಯೋ 50 ಲೀಟರ್ ಸಾಮಾನ್ಯವಾಗಿ 30 ಡಿಗ್ರಿ, 80 ಪರ್ಸೆಂಟ್ ತೇವದಾಗ ಅಳೆದದ್ದು, ನಿನ್ನ ಕೋಣೆನ 60ಕ್ಕ ಇಡಬೇಕಂದ್ರ ಅದ ಮಶಿನ್ ಅಷ್ಟು ಎಳಿಯಂಗಿಲ್ಲ, ಭಾಳ ಕಡಿಮಿ ಎಳೀತೈತಿ. 27 ಡಿಗ್ರಿ 60 ಪರ್ಸೆಂಟಿನಾಗ ಎಷ್ಟು ಅಂತ ಕಂಪನಿಯೋರ್ನ ಬರೆದು ಕೊಡ್ರಿ ಅಂತ ಕೇಳು, ಕೊಡದಿದ್ರ ಬಿಡು.

ಇನ್ನೊಂದು, ಬೆಡ್‌ರೂಮಿಗೆ ಮಾಡಿದ ಮಶಿನ್ನಿನ ಕಾಯಿಲ್ ಬರೀ ತಾಮ್ರ ಅಲ್ಯೂಮಿನಿಯಂ, ಪೂಲಿನ ಗಾಳಿಗೆ ಬೇಗ ತಿಂದು ಹೋಗ್ತೈತಿ, ಕೋಟಿಂಗ್ ಇರೋ ಪೂಲ್ ಮಾಡೆಲ್ಲೇ ಬೇಕು. ಮತ್ತ ಒಂದು ಲೀಟರ್ ಆವಿ ನೀರಾಗುವಾಗ ಹತ್ತತ್ರ 0.68 ಯೂನಿಟ್ ಶಾಖ ಬಿಡ್ತೈತಿ, ಮಶಿನ್ ತಿನ್ನೋ ಕರೆಂಟ್ ಬ್ಯಾರೆ, ಎಲ್ಲಾ ಅದ ಕೋಣೆಗೇ. 50 ಲೀಟರಿಗೆ 34 ಯೂನಿಟ್ ಶಾಖ ಗಂಗಾವತಿ ಮೇ ತಿಂಗಳಾಗ ಯಾರಿಗೆ ಬೇಕು? ಆ ಶಾಖಾನ ಪೂಲ್ ನೀರಿಗೆ ಇಲ್ಲಾ ಹೊರಗ ಹಾಕೋ ಮಾಡೆಲ್ ಬರ್ತಾವು, ರೇಟ್ ಹೆಚ್ಚು, ಆದ್ರ ನಮ್ಮ ಕಡೆಗೆ ಅದ ಸರಿ. ನೀರಿನ ಪೈಪ್ ಸೀದಾ ಮೋರಿಗೆ ಬಿಡಿಸು, ಬಕೆಟ್ ತುಂಬಿದಾಗ ಚೆಲ್ಲೋದು ಎರಡು ದಿನದ ಮಾತು, ಆಮ್ಯಾಲ ಯಾರೂ ಚೆಲ್ಲಂಗಿಲ್ಲ.

ಪ್ರಶ್ನೆ: ಸರ್ ನಾನು ಕೊಪ್ಪಳದಾಗ ಸೈಟ್ ಇಂಜಿನಿಯರ್. ಒಂದು ಇಂಡೋರ್ ಪೂಲಿಗೆ ಮ್ಯಾಲಿಂದ ಭಾರದ ಸೀಲಿಂಗ್ ತೂಗಬೇಕು. ಕ್ಲೈಂಟ್ ಹೇಳ್ತಾರ ಜಂಗು ಬರಬಾರ್ದು, ಸ್ಟೇನ್‌ಲೆಸ್ ಸ್ಟೀಲ್ ರಾಡ್ ಹಾಕು ಅಂತ. 304 ಗ್ರೇಡಿನ ಸ್ಟೇನ್‌ಲೆಸ್ ಸಾಕಲ್ರಿ?

ಉತ್ತರ: ಸಾಕಾಗಂಗಿಲ್ಲ ತಮ್ಮಾ, 304 ಹಾಕಲೇಬ್ಯಾಡ. 1985ರಾಗ ಸ್ವಿಟ್ಜರ್ಲೆಂಡಿನ ಉಸ್ಟರ್ ಅನ್ನೋ ಊರಾಗ ಇಂಡೋರ್ ಪೂಲಿನ ಕಾಂಕ್ರೀಟ್ ಸೀಲಿಂಗ್ ಪೂರಾ ನೀರಿಗೆ ಬಿದ್ದು 12 ಮಂದಿ ಸತ್ರು. ಸೀಲಿಂಗ್ ತೂಗಿದ್ದು ಸ್ಟೇನ್‌ಲೆಸ್ ರಾಡಿನ ಮ್ಯಾಲೆ. ರಾಡ್ ಜಂಗು ಹಿಡಿದು ಸವೆದಿರಲಿಲ್ಲ, ಕ್ಲೋರೈಡ್ ಕೂತು, ಮ್ಯಾಲಿಂದ ಎಳೆತ ಸೇರಿ, ಒಳಗೊಳಗ ಬಿರುಕು ಬಿಟ್ಟಿದ್ವು. ಇದನ್ನ ಸ್ಟ್ರೆಸ್ ಕೊರೋಷನ್ ಕ್ರ್ಯಾಕಿಂಗ್ ಅಂತಾರ.

ನೀರೊಳಗಿನ ಏಣಿ, ರೇಲಿಂಗಿಗೆ 316 ಗ್ರೇಡ್ ನಡೀತೈತಿ, ಯಾಕಂದ್ರ ಅವನ್ನ ದಿನಾ ತೊಳೀತೀವಿ, ಕಂದು ಚುಕ್ಕಿ ಬಿದ್ರ ಕಣ್ಣಿಗೆ ಬೀಳ್ತೈತಿ. ಸೀಲಿಂಗ್ ಮ್ಯಾಲಿನ ರಾಡಿಗೆ ಯಾರೂ ನೀರು ಹಾಕಂಗಿಲ್ಲ, ಕ್ಲೋರಮೈನಿನ ಆವಿ ಅಲ್ಲಿ ಹೋಗಿ ಹನಿ ಕಟ್ಟಿ ಒಣಗ್ತೈತಿ, ಮತ್ತ ಹನಿ ಕಟ್ಟಿ ಒಣಗ್ತೈತಿ, ಒಂದೊಂದು ಸಲಕ್ಕೂ ಉಪ್ಪು ದಪ್ಪ ಆಗ್ತೈತಿ. ಅಲ್ಲಿ 316 ಸೈತ ನಂಬೋ ಹಂಗಿಲ್ಲ. ಭಾರ ಹೊರೋದಕ್ಕ 1.4529ರಂಥ ಮ್ಯಾಲ್ದರ್ಜೆ ಗ್ರೇಡ್ ಅದಾವು, ನಮ್ಮ ಕಡೆ ಸ್ಟಾಕ್ ಸಿಗೋದು ಕಷ್ಟ, ರೇಟೂ ಕೇಳಬ್ಯಾಡ. ತೋರಣಗಲ್ಲಿನ ಸ್ಟೀಲ್ ಕಾರ್ಖಾನಿ ಪಕ್ಕದಾಗ ಇದ್ರೂ ಈ ಗ್ರೇಡ್ ಬೇಕಂದ್ರ ದೂರದಿಂದ ತರಿಸಬೇಕು. ಅದಕ್ಕ ನನ್ನ ಸಲಹೆ, ದಪ್ಪ ಮೈಲ್ಡ್ ಸ್ಟೀಲ್ ರಾಡ್, ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಾಗ ಅದ್ದೋದು) ಮಾಡಿಸಿ ಮ್ಯಾಲ ಎಪಾಕ್ಸಿ. ಅದಕ್ಕ ಜಂಗು ಬರ್ತೈತಿ ಖರೆ, ಆದ್ರ ಬಂದದ್ದು ಕಾಣ್ತೈತಿ, ಬದಲಿಸಾಕ ಟೈಮ್ ಸಿಗ್ತೈತಿ. ಸ್ಟೇನ್‌ಲೆಸ್ ಹೊಳೀತಾ ಹೊಳೀತಾನ ಪಟ್ ಅಂತ ಮುರೀತೈತಿ. ಡ್ರಾಯಿಂಗಿನಾಗ ಸೀಲಿಂಗಿಗೆ ಹತ್ತಿ ನೋಡೋ ದೊಡ್ಡ ಮುಚ್ಚಳ ತೋರಿಸು, ವರ್ಷಕ್ಕೊಮ್ಮೆ ಪ್ರತಿ ರಾಡ್ ನೋಡಬೇಕು ಅಂತ ಬರೆದು ಕ್ಲೈಂಟ್ ಸಹಿ ಹಾಕಿಸ್ಕೊ. ಇನ್ನೊಂದು ಮಾತು, ಭಾರದ ಸೀಲಿಂಗ್ ಯಾಕ ಬೇಕು ಅಂತ ಒಂದ್ಸಲ ಕೇಳಿ ನೋಡು, ಅವ್ರಿಗೂ ಗೊತ್ತಿರಂಗಿಲ್ಲ.

ಪ್ರಶ್ನೆ: ಸಿಂಧನೂರಿಂದ. ಪೂಲ್ ನೀರು ದಿನಾ ಇಳೀತೈತಿ, ಪಕ್ಕದ ಗೋಡಿ ಕೆಳಗ ಹಸಿ ಐತಿ. ಆವಿ ಆಗ್ತೈತೋ ಸೋರ್ತೈತೋ ಹೆಂಗ ತಿಳ್ಕೋಬೇಕು?

ಉತ್ತರ: ಒಂದು ಬಕೆಟಿಗೆ ಪೂಲ್ ನೀರ ತುಂಬಿ ಪೂಲಿನ ಮೆಟ್ಟಲ ಮ್ಯಾಲ ಇಡ್ರಿ, ಬಕೆಟ್ ಒಳಗಿನ ನೀರು, ಪೂಲ್ ನೀರು ಒಂದ ಮಟ್ಟಕ್ಕಿರಲಿ, ಎರಡಕ್ಕೂ ಮಾರ್ಕರಿನಿಂದ ಗೆರಿ ಹಾಕಿ ಒಂದು ದಿನ ಬಿಡ್ರಿ, ಆ ದಿನ ಯಾರೂ ಇಳಿಯಬ್ಯಾಡ್ರಿ. ಎರಡೂ ಸಮ ಇಳಿದ್ರ ಆವಿ, ಪೂಲ್ ಹೆಚ್ಚು ಇಳಿದ್ರ ಸೋರಿಕೆ. ಒಳಗಿನ ಪೂಲಿಗೆ ದಿನಕ್ಕ ಮೂರು ಮಿಲಿಮೀಟರ್ ಆಜುಬಾಜು ಆವಿ ಅಂದ್ರ ಮಾಮೂಲು. ಪಂಪ್ ಚಾಲೂ ಇಟ್ಟು ಒಮ್ಮೆ, ಬಂದ್ ಮಾಡಿ ಒಮ್ಮೆ ಮಾಡಿ ನೋಡ್ರಿ, ಪಂಪ್ ಇದ್ದಾಗಷ್ಟ ಹೆಚ್ಚು ಇಳಿದ್ರ ತಪ್ಪು ಪೈಪಿನಾಗ ಐತಿ.

ಗೋಡಿಗೆ ಬ್ಯಾರೆ ಪರೀಕ್ಷೆ. ಹಸಿ ಇರೋ ಕಡೆ ಒಂದಡಿ ಚೌಕ ಪ್ಲಾಸ್ಟಿಕ್ ಹಾಳಿ ಇಟ್ಟು ನಾಲ್ಕೂ ಕಡೆ ಟೇಪ್ ಹಚ್ಚಿ, ಮರುದಿನ ನೋಡ್ರಿ. ಹಾಳಿಯ ಹೊರ ಮೈ ಒದ್ದಿ ಇದ್ರ ಕೋಣೆಯ ಗಾಳಿಯಿಂದ, ಗೋಡಿ ಕಡೆ ಒದ್ದಿ ಇದ್ರ ಗೋಡಿಯೊಳಗಿಂದ. ನಿಮ್ಮದು ಎರೆ ಭೂಮಿ, ಮಳಿಗೆ ಉಬ್ಬತೈತಿ ಬ್ಯಾಸಗಿಗೆ ಬಿರಿತೈತಿ, ತಳ ಸರಿಯಾಗಿ ಹಾಕದಿದ್ರ ಪೂಲಿನ ಮೂಲಿ ಸೀಳ್ತೈತಿ, ಅದಕ್ಕ ಗೋಡಿ ಕಡೆ ಒದ್ದಿ ಬಂದ್ರ ಪೇಂಟಿನ ಮಾತು ಬಿಟ್ಟು ಮೊದ್ಲು ಪೂಲಿನ ಒಳ ಮೂಲಿ, ಲೈಟ್ ಕೂರಿಸಿದ ಜಾಗ, ಸ್ಕಿಮ್ಮರ್ (ನೀರಿನ ಮ್ಯಾಲಿನ ಕಸ ಎಳೆಯೋ ಬಾಯಿ) ಸುತ್ತ ನೋಡಿಸ್ರಿ.

ಪ್ರಶ್ನೆ: ಬಳ್ಳಾರಿಯಿಂದ ಇನ್ನೊಬ್ರು: ಪೂಲ್ ಕೋಣೆ ಸರಿ ಐತೆ, ಆದ್ರೆ ಪಕ್ಕದ ಪಂಪ್ ರೂಮಲ್ಲಿ ಮೋಟಾರ್, ಪ್ಯಾನಲ್ ಬೋರ್ಡ್, ಬಾಗ್ಲು ಕೀಲು ಎಲ್ಲಾ ಜಂಗು. ತೇವಾನೂ ಇಲ್ಲ ಅಲ್ಲಿ. ಯಾಕೆ?

ಉತ್ತರ: ಆಸಿಡ್ ಕ್ಯಾನ್ ಅಲ್ಲೇ ಇಟ್ಟೀರೇನ್ರಿ ನೋಡ್ರಿ. ಪಿಎಚ್ ಇಳಿಸಾಕ ತರೋ ಮುರಿಯಾಟಿಕ್ ಆಸಿಡ್ ಮುಚ್ಚಳ ಬಿಗಿ ಹಾಕಿದ್ರೂ ಹೊಗಿ ಬಿಡ್ತೈತಿ, ಮುಚ್ಚಿದ ಸಣ್ಣ ರೂಮಿನಾಗ ಕಬ್ಬಿಣ ಉಳಿಯಂಗಿಲ್ಲ. ಪಕ್ಕದಾಗ ಬ್ಲೀಚಿಂಗ್ ಪೌಡರ್ ಚೀಲಾನೂ ಇದ್ರಂತೂ ಜಂಗಿನ ಮಾತು ಬಿಡ್ರಿ, ಒಂದು ದಿನ ಕ್ಯಾನ್ ಉರುಳಿ ಎರಡೂ ಕೂಡಿದ್ರ ಕ್ಲೋರಿನ್ ಗ್ಯಾಸ್ ಏಳ್ತೈತಿ, ಆ ರೂಮಿನಾಗ ಇದ್ದ ಹುಡುಗ ಹೊರಗ ಬರೋದು ಕಷ್ಟ. ಆಸಿಡ್ ಇವತ್ತೇ ಹೊರಗ, ನೆರಳಿರೋ ಗಾಳಿಯಾಡೋ ಜಾಗಕ್ಕ, ಕೆಳಗೊಂದು ಪ್ಲಾಸ್ಟಿಕ್ ಟ್ರೇ ಇಟ್ಟು ಸಾಗಿಸ್ರಿ. ಬ್ಲೀಚಿಂಗ್ ಒಣ ಜಾಗದಾಗ, ಬ್ಯಾರೆ ಬಾಗಲ ಹಿಂದ. ಎರಡಕ್ಕೂ ಒಂದ ಮಗ್ ಬಳಸೋದು ಬಂದ್. ಪ್ಯಾನಲ್ ಬೋರ್ಡಿನ ಕನೆಕ್ಷನ್ ಇಲೆಕ್ಟ್ರಿಷಿಯನ್ ಕಡೆಯಿಂದ ಒಂದ್ಸಲ ಬಿಚ್ಚಿ ನೋಡಿಸ್ರಿ, ಜಂಗು ಹಿಡಿದ ಟರ್ಮಿನಲ್ ಬಿಸಿ ಆಗಿ ಸುಡ್ತೈತಿ, ಅರ್ತಿಂಗ್ ತಂತಿ ತಿಂದು ಹೋಗಿದ್ರ ಅದನ್ನ ಹಾಕೋ ತನಕ ಪೂಲಿಗೆ ಯಾರನ್ನೂ ಇಳಿಸಬ್ಯಾಡ್ರಿ.